ಗಡಗಿ ಧಾರಾವಾಹಿಗೆ ನಾನು ಹೇಳಿದ ಅರ್ಥ

ಕೊಪ್ಪಳದಲ್ಲಿ ಟಿ.ವಿ., ರೇಡಿಯೋ ರಿಪೇರಿ ಕಲಿಯುತ್ತಿರುವ ತರುಣರಿಗಾಗಿ ನಿಮ್ಮ ಅನುಭವ ಬರೆದುಕೊಡಿ ಎಂದು ಕೇಳಿದವರಿಗೆ ಮೊದಲೇ ಹೇಳಿಬಿಟ್ಟೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ನಿವೃತ್ತಿಯ ದಿನ ಶಾಲು ಯಾರು ಹೊದಿಸಿದರು ಎಂಬುದನ್ನೆಲ್ಲ ಬರೆಯುವವನಲ್ಲ ನಾನು. ಬಡ್ತಿ ತಡವಾಗಿ ಸಿಕ್ಕಿತು. ಶಾಲು ಹೆಂಡತಿಯ ಟ್ರಂಕಿನಲ್ಲಿದೆ. ಬರೆಯುವುದಾದರೆ ನಾನು ಎಲ್ಲೆಲ್ಲಿ ತಪ್ಪಿದೆ ಎಂಬುದನ್ನು ಬರೆಯುತ್ತೇನೆ. ಬೆಸುಗೆ ಹಾಕುವುದನ್ನು ನಿಮ್ಮ ಮಾಸ್ತರರು ನನಗಿಂತ ಚೆನ್ನಾಗಿ ಕಲಿಸುತ್ತಾರೆ.

ಎಪ್ಪತ್ತರ ದಶಕದ ನಡುವೆ ನಾನು ಕೆಲಸಕ್ಕೆ ಸೇರಿದಾಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ರಾಯಚೂರು ಜಿಲ್ಲೆಗೆ ಸೇರಿದ್ದವು. ಮನೆಯಲ್ಲಿ ಟಿ.ವಿ. ಇದ್ದವರನ್ನು ನಾನು ಕಂಡಿರಲಿಲ್ಲ. ಸರ್ಕಾರ ಕೆಲವು ಹಳ್ಳಿಗಳನ್ನು ಆರಿಸಿ ಶಾಲೆಗೋ ಪಂಚಾಯತಿ ಕಟ್ಟೆಗೋ ಒಂದೊಂದು ಪೆಟ್ಟಿಗೆ ಕೊಟ್ಟಿತ್ತು. ಕಟ್ಟಿಗೆಯ ಕಪಾಟು, ಅದಕ್ಕೊಂದು ಬೀಗ, ಬೀಗದ ಕೈ ಊರಿನ ಮಾಸ್ತರರ ಹತ್ತಿರ. ಛಾವಣಿಯ ಮೇಲೆ ತಂತಿ ಜಾಳಿಗೆಯ ದೊಡ್ಡ ಬುಟ್ಟಿ, ಆಕಾಶದ ಉಪಗ್ರಹದಿಂದ ಬರುವುದನ್ನು ಹಿಡಿಯಲು. ಈ ಪೆಟ್ಟಿಗೆಗಳು ಕೆಟ್ಟಾಗ ಹೋಗಿ ಸರಿಮಾಡುವುದು ನನ್ನ ನೌಕರಿ. ಹಳ್ಳಿಯವರ ಬಾಯಲ್ಲಿ ನಾನು ಟಿ.ವಿ. ಮಾಸ್ತರ.

ಮೊದಲ ವರ್ಷವೇ ಯಲಬುರ್ಗಾ ಕಡೆಯ ಒಂದು ಊರಿನಿಂದ ಚಿತ್ರ ಬರುತ್ತಿಲ್ಲವೆಂದು ಕಾಗದ ಬಂತು. ಬಸ್ಸಿಳಿದು, ಬಿಸಿಲಲ್ಲಿ ನಡೆದು ಹೋಗಿ, ಪೆಟ್ಟಿಗೆಯ ಕರುಳೆಲ್ಲ ಹೊರಗೆ ತೆಗೆದು ಹರಡಿಕೊಂಡು ಕುಳಿತೆ. ಮಧ್ಯಾಹ್ನದವರೆಗೆ ಒಂದೊಂದೇ ಭಾಗ ಪರೀಕ್ಷಿಸಿದೆ. ಎಲ್ಲವೂ ನೆಟ್ಟಗಿದ್ದವು. ನೀರು ಕುಡಿಯಲು ಹೊರಗೆ ಬಂದು ತಲೆಯೆತ್ತಿದರೆ ಛಾವಣಿಯ ಬುಟ್ಟಿಯ ತುಂಬ ಕೆಂಪು ಮೆಣಸಿನಕಾಯಿ! ಇಷ್ಟು ಅನುಕೂಲವಾದ ಜಾಗ ಸುಮ್ಮನೆ ಬಿದ್ದಿದೆಯಲ್ಲ ಎಂದು ಯಾರೋ ಹೆಣ್ಣುಮಗಳು ಒಣಹಾಕಿದ್ದಳು. ಭಾರಕ್ಕೆ ಬುಟ್ಟಿ ಉಪಗ್ರಹವನ್ನು ಬಿಟ್ಟು ಕುಕನೂರಿನ ದಿಕ್ಕಿಗೆ ವಾಲಿತ್ತು. ತರುಣರೇ, ಪೆಟ್ಟಿಗೆ ಬಿಚ್ಚುವ ಮೊದಲು ಹೊರಗೆ ಹೋಗಿ ಮೇಲೆ ನೋಡಿ.

ಕುಷ್ಟಗಿಯ ಕಡೆ ಇನ್ನೊಂದು ಊರಲ್ಲಿ ಖಂಡೇಪೂಜೆಯ, ಎಂದರೆ ಆಯುಧಪೂಜೆಯ ದಿನ ಪೆಟ್ಟಿಗೆಗೆ ವಿಭೂತಿ ಹಚ್ಚಿ, ಅದರ ನೆತ್ತಿಯ ಮೇಲೆಯೇ ತೆಂಗಿನಕಾಯಿ ಒಡೆದಿದ್ದರು. ಕಾಯಿಯ ನೀರು ಗಾಳಿಕಿಂಡಿಯಿಂದ ಒಳಗಿಳಿದು ಪೆಟ್ಟಿಗೆ ಸುಟ್ಟಿತ್ತು. ನನಗೆ ಸಿಟ್ಟು ಬಹಳ. ಅದೇನು ದೇವರೇ, ಯಂತ್ರವಲ್ಲವೇ ಎಂದು ಅಲ್ಲಿನ ಮಾಸ್ತರರ ಮೇಲೆ ಹಾರಾಡಿದೆ. ಅವರು ಸಮಾಧಾನದಿಂದ, "ಯಂತ್ರ ಅಂತನ ಪೂಜಿ ಮಾಡೀವ್ರಿ. ದೇವ್ರಾಗಿದ್ರ ತನ್ನ ತಾನ ಕಾಯ್ಕೊಂತಿತ್ತು" ಎಂದರು.

ಒಂದು ವರ್ಷ ಕಳೆದ ಮೇಲೆ ಉಪಗ್ರಹ ಬೇರೆ ಕಡೆ ಸರಿಯಿತು, ಪೆಟ್ಟಿಗೆಗಳು ಮೂಕವಾದವು. ಕೆಲವು ವರ್ಷ ನಾನು ದೂಳು ಒರೆಸುವುದಕ್ಕೇ ಸಂಬಳ ತೆಗೆದುಕೊಂಡವನು. ಎಂಬತ್ತರ ದಶಕದಲ್ಲಿ ಹೊಸಪೇಟೆಯ ಕಡೆಯಿಂದ ಟಿ.ವಿ.ಯ ಅಲೆ ಬರತೊಡಗಿದ ಮೇಲೆ ಮತ್ತೆ ಜೀವ ಬಂತು. ಎತ್ತರದ ಪೈಪು ನಿಲ್ಲಿಸಿ ಆಂಟೆನಾ ಕಟ್ಟಿದರೆ ದಿಲ್ಲಿಯ ಚಿತ್ರ ಸಿಗುತ್ತಿತ್ತು. ಆದರೆ ಮಾತು ಹಿಂದಿ. ನಮ್ಮ ಕಡೆ ಹಿರಿಯರಿಗೆ ನಿಜಾಮರ ಕಾಲದ ಉರ್ದು ಒಂದಿಷ್ಟು ಬರುತ್ತಿತ್ತು, ಆದರೆ ಟಿ.ವಿ.ಯ ಹಿಂದಿಯನ್ನು ಕೇಳಿ ಅವರೂ ಕೈಚೆಲ್ಲಿದರು. ಹೆಂಗಸರಿಗಂತೂ ಒಂದಕ್ಷರ ತಿಳಿಯದು. ಹೀಗಾಗಿ ಒಂದು ಪದ್ಧತಿ ಬೆಳೆಯಿತು. ಪೆಟ್ಟಿಗೆಯ ಪಕ್ಕದಲ್ಲಿ ಒಬ್ಬರು ನಿಂತು ಅರ್ಥ ಹೇಳಬೇಕು. ಪುರಾಣ ಓದುವಾಗ ಒಬ್ಬರು ಓದಿ ಒಬ್ಬರು ಅರ್ಥ ಹೇಳುವುದಿಲ್ಲವೇ, ಹಾಗೆ. ಮಾಸ್ತರರು ಹಿಂದೆ ಸರಿದ ಊರಲ್ಲಿ ಆ ಕೆಲಸ ನನ್ನ ಪಾಲಿಗೆ ಬಂತು. ಹೈದರಾಬಾದಿನಲ್ಲಿ ತರಬೇತಿ ಪಡೆದವನಾದ್ದರಿಂದ ನನಗೆ ಹಿಂದಿ ಬರುತ್ತಿತ್ತು. ಬರುತ್ತದೆಂಬ ಸೊಕ್ಕೂ ಇತ್ತು.

ಇನ್ನು ನಮ್ಮ ಸಾಹೇಬರ ವಿಷಯ. ಮುನಿರಾಬಾದಿನ ಡ್ಯಾಮ್ ಕಾಲೋನಿಯಲ್ಲಿ ಮನೆ ಮಾಡಿಕೊಂಡಿದ್ದರು. ಕೆಟ್ಟವರಲ್ಲ, ಕಾಗದವೆಂದರೆ ಪ್ರಾಣ. ಪ್ರತಿ ತಿಂಗಳೂ ಒಂದು ವರದಿ ಬೇಕು. ಎಷ್ಟು ಜನ ನೋಡಿದರು, ಯಾವ ಕಾರ್ಯಕ್ರಮ ಮೆಚ್ಚಿದರು, ಕೊನೆಗೆ ಐದು ಜನ ಪ್ರೇಕ್ಷಕರ ಸಹಿ ಅಥವಾ ಹೆಬ್ಬೆಟ್ಟು. "ಮೆಚ್ಚಿದ ಕಾರ್ಯಕ್ರಮ" ಎಂಬಲ್ಲಿ ಕೃಷಿ ಕಾರ್ಯಕ್ರಮವೆಂದೇ ಬರೆಯಬೇಕು. ಒಂದು ಸಲ ಬೇರೆ ಬರೆದದ್ದಕ್ಕೆ ವರದಿ ತಿರುಗಿ ಬಂತು. ಆಮೇಲೆ ನಾನು ಶಾಣ್ಯಾ ಆದೆ. ಚೀಲದಲ್ಲಿ ಒಂದು ಇಂಕಿನ ಪ್ಯಾಡು ಇಟ್ಟುಕೊಂಡು, ಊರಿಗೆ ಹೋದಾಗಲೆಲ್ಲ ಖಾಲಿ ಫಾರಂ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದು, ಕೊಪ್ಪಳದ ರೂಮಿನಲ್ಲಿ ಕುಳಿತು ತುಂಬುತ್ತಿದ್ದೆ. ಇದನ್ನು ನೀವು ಕಲಿಯಬೇಡಿ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಗಂಗಾವತಿ ತಾಲ್ಲೂಕಿನಲ್ಲಿ, ಹೇಮಗುಡ್ಡದ ಮಗ್ಗುಲಲ್ಲಿ, ಕಾಲುವೆಯ ನೀರಿನ ಒಂದು ಊರು. ಹೆಸರು ಬೇಡ, ಅಲ್ಲಿನವರಿಗೆ ಗೊತ್ತಾಗುತ್ತದೆ. ಗುಡ್ಡ ಅಡ್ಡ ಇದ್ದದ್ದರಿಂದ ಅಲ್ಲಿ ಚಿತ್ರ ಎರಡೆರಡಾಗಿ ಬರುತ್ತಿತ್ತು. ಒಬ್ಬ ಮನುಷ್ಯನ ಬೆನ್ನಿಗೆ ಅವನದೇ ಮಸುಕು ನೆರಳು. ಎಷ್ಟು ಪೈಪು ಏರಿಸಿದರೂ ಅದು ಹೋಗಲಿಲ್ಲ, ಜನ ಅದಕ್ಕೇ ಹೊಂದಿಕೊಂಡರು. ಆ ಊರಲ್ಲಿ ಅರ್ಥ ಹೇಳುವವನು ನಾನು.

ಆ ಕಾಲದಲ್ಲಿ ಭಾನುವಾರ ಬೆಳಿಗ್ಗೆ ವಿಜ್ಞಾನದ ಕಲ್ಪನೆಯ ಒಂದು ಧಾರಾವಾಹಿ ಬರುತ್ತಿತ್ತು. ಅದರಲ್ಲಿ ಬಿಳಿ ಕೋಟಿನ ವಿಜ್ಞಾನಿ ಯಾವ ಕಷ್ಟ ಬಂದರೂ ಅರ್ಧ ಗಂಟೆಯಲ್ಲಿ ಯಂತ್ರದ ಗುಂಡಿ ಒತ್ತಿ ಪರಿಹರಿಸುತ್ತಿದ್ದ. ಜನ ನಾಲ್ಕು ವಾರ ನೋಡಿ ಎದ್ದುಹೋದರು. ನನಗೂ ಅದರ ಮೇಲೆ ನಂಬಿಕೆ ಹುಟ್ಟಲಿಲ್ಲ. ಒಂದು ಸಲವೂ ಕೆಡದ ಯಂತ್ರವನ್ನು ನಾನೆಲ್ಲಿ ಕಂಡಿದ್ದೇನೆ? ಅದು ಮುಗಿದ ಮೇಲೆ ಇನ್ನೊಂದು ಶುರುವಾಯಿತು. ಉದ್ದನೆಯ ಹಿಂದಿ ಹೆಸರು, ಯಾರ ಬಾಯಿಗೂ ಹತ್ತಲಿಲ್ಲ. ಅದರ ಆಕಾಶನೌಕೆ ಬೋರಲು ಹಾಕಿದ ಗಡಿಗೆಯಂತಿದ್ದದ್ದರಿಂದ ಊರಿನವರು ಅದನ್ನು ಗಡಗಿ ಧಾರಾವಾಹಿ ಎಂದರು.

ಕಥೆ ಕತ್ತಲೆಯದು. ಭೂಮಿ ಬದುಕಲು ಬಾರದಂತಾಗಿದೆ. ಉಳಿದ ಕೆಲವು ನೂರು ಜನ ಆ ಗಡಿಗೆಯಲ್ಲಿ ಆಕಾಶದಲ್ಲಿ ಹೊರಟಿದ್ದಾರೆ. ಮೇಲಿನ ಅಂತಸ್ತು, ಕೆಳಗಿನ ಅಂತಸ್ತು. ನೀರೂ ಉಸಿರಾಡುವ ಗಾಳಿಯೂ ಮೇಲಿನಿಂದ ಕೆಳಗೆ ಬರಬೇಕು. ಎರಡೂ ಸಾಲುವುದಿಲ್ಲ. ಪ್ರತಿ ವಾರ ಜಗಳ. ಮೇಲಿನವರು ಬಚ್ಚಿಡುತ್ತಾರೆ, ಕೆಳಗಿನವರು ಕೊಳವೆಗೆ ಕನ್ನ ಹಾಕುತ್ತಾರೆ. ಒಳ್ಳೆಯವನು ಸುಳ್ಳು ಹೇಳುತ್ತಾನೆ, ಕಳ್ಳ ಪ್ರಾಣ ಕೊಟ್ಟು ಒಬ್ಬಳನ್ನು ಉಳಿಸುತ್ತಾನೆ. ಯಂತ್ರಗಳೆಲ್ಲ ಕೆಟ್ಟಿವೆ, ತಂತಿ ಸುತ್ತಿ, ಬಟ್ಟೆ ಕಟ್ಟಿ ನಡೆಸುತ್ತಿದ್ದಾರೆ. ಮೊದಲ ವಾರ ಆ ತಂತಿ ಕಂಡಾಗಲೇ ನಾನು ಮರುಳಾದೆ. ಇವರು ನಮ್ಮ ಪೈಕಿ ಎನಿಸಿತು.

ಊರಿನವರಿಗೂ ಹಾಗೆಯೇ. ಕೃಷಿ ಕಾರ್ಯಕ್ರಮದಲ್ಲಿ ಎಲ್ಲರೂ ನಗುತ್ತಿದ್ದರು, ಗದ್ದೆ ಹಸಿರು, ನೀರು ಕರೆಯದೆಯೇ ಬರುತ್ತಿತ್ತು. ಗಡಗಿಯಲ್ಲಿ ನೀರಿಗೆ ಪಾಳಿ ಇತ್ತು, ಪಾಳಿಗೆ ಜಗಳವಿತ್ತು. ಕಾಲುವೆಯ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಭಾನುವಾರ ಶಾಲೆಯ ಅಂಗಳ ತುಂಬಿ, ಕಿಟಕಿಗೆ ಜೋತುಬಿದ್ದು ನೋಡುತ್ತಿದ್ದರು. ಮುಂದಿನ ಸಾಲಿನಲ್ಲಿ ಕಾಯಂ ಆಗಿ ಕುಳಿತಿರುತ್ತಿದ್ದವಳು ದ್ಯಾಮವ್ವ. ಅರವತ್ತು ದಾಟಿದ ಹೆಣ್ಣುಮಗಳು, ಮೂರು ಎಕರೆ ಭತ್ತದ ಗದ್ದೆ ತಾನೇ ನಿಂತು ಮಾಡಿಸುತ್ತಿದ್ದಳು, ಓದು ಬರಹವಿಲ್ಲ. ನನ್ನ ಖಾಲಿ ಫಾರಂಗಳ ಮೇಲೆ ಹೆಚ್ಚಿಗೆ ಬೀಳುತ್ತಿದ್ದ ಹೆಬ್ಬೆಟ್ಟು ಅವಳದೇ. ಒಂದು ಕಂತು ಮುಗಿದಾಗ ಒಮ್ಮೆ ಅವಳು, "ಎಲ್ಲಾರ ಮನಿ ದ್ವಾಸಿನೂ ತೂತ ಅಂತ ತೋರ್ಸಾಕತ್ತಾರ, ಛಲೋ ಐತಿ" ಎಂದಳು. ಆ ಧಾರಾವಾಹಿಯ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಕೇಳಿಲ್ಲ.

ಆದರೆ ಅರ್ಥ ಹೇಳುವವನಿಗೆ ಅಷ್ಟಕ್ಕೆ ಸಮಾಧಾನವಿರಲಿಲ್ಲ. ಬಯಲಾಟ ನೋಡಿ ಬೆಳೆದವನು ನಾನು, ಒಬ್ಬ ರಾಕ್ಷಸ ಬೇಕೇ ಬೇಕು. ನೌಕೆಯ ಕಪ್ತಾನನನ್ನು ಹಿಡಿದುಕೊಂಡೆ. ನಮ್ಮ ಕಪ್ಪು-ಬಿಳುಪು ಪೆಟ್ಟಿಗೆಯಲ್ಲಿ ಅವನ ಅಂಗಿ ಕಪ್ಪಾಗಿ ಕಾಣುತ್ತಿತ್ತು, ಅವನಿಗೆ ಕಪ್ಪಂಗಿ ಎಂದು ಹೆಸರಿಟ್ಟೆ. ಅವನು ಬಾಯಿ ತೆರೆದಾಗಲೆಲ್ಲ ನಾನು ದನಿ ದಪ್ಪ ಮಾಡಿ ಒಂದು ಹಿಡಿ ಉಪ್ಪುಖಾರ ಸೇರಿಸುತ್ತಿದ್ದೆ. ಜನ ಹಲ್ಲು ಕಡಿಯುತ್ತಿದ್ದರು, ಶಾಪ ಹಾಕುತ್ತಿದ್ದರು. ನನಗೆ ಅದರ ರುಚಿ ಹತ್ತಿತು.

ಒಂದು ಭಾನುವಾರ ಕೆಳಗಿನ ಅಂತಸ್ತಿನಲ್ಲಿ ಬೆಂಕಿ ಬಿತ್ತು. ಬೆಂಕಿ ಮೇಲೆ ಬಾರದಂತೆ ನಡುವಿನ ಬಾಗಿಲು ಹಾಕಬೇಕು, ಹಾಕಿದರೆ ಒಳಗಿದ್ದವರಿಗೆ ಉಸಿರಿಲ್ಲ. ಕಪ್ತಾನ ತಾನೇ ಹೋಗಿ ದೊಡ್ಡ ಚಕ್ರ ತಿರುಗಿಸಿ ಬಾಗಿಲು ಹಾಕಿದ. ಅವನು ಏನೋ ಹೇಳುತ್ತಿದ್ದ. ಅಂಗಳದಲ್ಲಿ ಗದ್ದಲ, ಅದಕ್ಕೂ ಮೇಲೆ ನನ್ನ ದನಿ. ನೋಡಿ ಇವನ ಸೊಕ್ಕು, ಕೆಳಗಿನವರು ಸತ್ತರೆ ನನಗೇನು ಅನ್ನುತ್ತಿದ್ದಾನೆ ಎಂದು ನಾನು ಹೇಳಿಬಿಟ್ಟೆ. ಆಗ ಹಿಂದಿನಿಂದ ವಿರುಪಾಕ್ಷಿ ಎಂಬ ತರುಣ ರೈತ, "ನಮ್ಮ ಯಮನಪ್ಪ ಲಸ್ಕರನಂಗ ಅದಾನ ನೋಡ್ರಿ!" ಎಂದ.

ಯಮನಪ್ಪನ ಬಗ್ಗೆ ಹೇಳಬೇಕು. ಕಾಲುವೆಯ ಗೇಟು ತೆಗೆಯುವ, ಹಾಕುವ ಕೆಲಸ ಅವನದು. ನಮ್ಮ ಕಡೆ ಆ ಕೆಲಸದವರನ್ನು ಲಸ್ಕರ ಎನ್ನುತ್ತಾರೆ. ಕುಷ್ಟಗಿಯ ಒಣಭೂಮಿಯಿಂದ ಬಂದವನು, ಗೇಟಿನ ಹತ್ತಿರದ ಕ್ವಾರ್ಟರ್ಸಿನಲ್ಲಿ ಹೆಂಡತಿಯೊಂದಿಗೆ ಇದ್ದ. ಪಾಳಿಯ ದಿನ ಬಂದಾಗ ಈ ಊರಿನ ಗೇಟು ಎಂಟು ದಿನ ಹಾಕಿ, ಕೆಳಗಿನ ಊರುಗಳಿಗೆ ನೀರು ಬಿಡಬೇಕು. ಹುಕುಂ ಮೇಲಿನ ಎಂಜಿನಿಯರರದು, ಬೈಗುಳ ಯಮನಪ್ಪನಿಗೆ. ನನ್ನ ಕೈಯಲ್ಲೇನಿದೆ, ಸಾಹೇಬರು ಹೇಳಿದ್ದಾರೆ ಎಂದು ಅವನು ಒಂದು ದಿನವೂ ಜಾರಿಕೊಂಡವನಲ್ಲ. ಸುಮ್ಮನೆ ಬೈಸಿಕೊಳ್ಳುತ್ತಿದ್ದ. ಅವತ್ತು ಅವನೂ ಅಂಗಳದ ಬೇವಿನ ಮರದ ಕೆಳಗೆ ಕುಳಿತಿದ್ದ.

ವಿರುಪಾಕ್ಷಿಯ ಮಾತಿಗೆ ಎಲ್ಲರೂ ನಕ್ಕರು. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ನಾನು ಪೆಟ್ಟಿಗೆಯ ಪಕ್ಕದಲ್ಲಿ ನಿಂತವನು, ನಗುತ್ತ, ಹೌದು ನೋಡಿ, ಚಕ್ರ ತಿರುಗಿಸುವ ಗತ್ತೂ ಅದೇ ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯಮನಪ್ಪ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಯಾರ ಮುಖವನ್ನೂ ನೋಡದೆ ಹೋದ.

ಮರುವಾರ ನಾನು ಹೋದಾಗ ಊರಲ್ಲಿ ಯಮನಪ್ಪನಿಗೆ ಕಪ್ಪಂಗಿ ಎಂಬ ಹೆಸರು ಗಟ್ಟಿಯಾಗಿತ್ತು. ಅವನ ಖಾಕಿ ಅಂಗಿ ಕಂಡೊಡನೆ ಹುಡುಗರು ಕೂಗುತ್ತಿದ್ದರು. ಹಾಲು ಹಾಕುವವಳು ಹಾಲು ನಿಲ್ಲಿಸಿದ್ದಳು. ಕಟ್ಟೆಯ ಮೇಲೆ ಅವನು ಬಂದರೆ ಮಾತು ನಿಲ್ಲುತ್ತಿತ್ತು. ಇದಕ್ಕಿಂತ ದೊಡ್ಡದು ಬೇರೆ ಇತ್ತು. ಮುಂದಿನ ಪಾಳಿ ಹತ್ತಿರ ಬರುತ್ತಿತ್ತು, ಅದೂ ಭತ್ತ ಹೊಡೆ ತುಂಬುವ, ನೀರು ತಪ್ಪಿದರೆ ಕಾಳು ಕಟ್ಟದ ಹೊತ್ತಿಗೆ. ಈ ಸಲ ಕಪ್ಪಂಗಿ ಗೇಟು ಹಾಕಲು ಬಂದರೆ ಚಕ್ರವನ್ನೇ ಕಿತ್ತು ಕಾಲುವೆಗೆ ಎಸೆಯುತ್ತೇವೆಂದು ವಿರುಪಾಕ್ಷಿ ಮತ್ತು ಅವನ ಜೊತೆಯವರು ಹೇಳಿಕೊಂಡು ತಿರುಗುತ್ತಿದ್ದರು. ಚಕ್ರ ಹೋದರೆ ಯಮನಪ್ಪನ ನೌಕರಿ ಹೋಗುತ್ತದೆ. ಅಡ್ಡ ನಿಂತರೆ ಮೈಮೇಲೆ ಬರುತ್ತಾರೆ. ಅವನು ಅಡ್ಡ ನಿಲ್ಲುವವನೇ. ನೀರಿಗಾಗಿ ಮೊದಲೂ ಜಗಳಗಳಾಗಿದ್ದವು, ನಾನು ಅದನ್ನು ಹುಟ್ಟಿಸಲಿಲ್ಲ. ಆದರೆ ಅದಕ್ಕೊಂದು ಮುಖ ತೋರಿಸಿಕೊಟ್ಟವನು ನಾನು.

ಅಷ್ಟರಲ್ಲಿ ಸಾಹೇಬರಿಂದ ತುರ್ತು ಹೇಳಿಕೆ ಬಂತು. ಭಾನುವಾರ ಬೆಳಿಗ್ಗೆ ಮುನಿರಾಬಾದಿನ ಅವರ ಮನೆಗೆ ಬಂದು ಟಿ.ವಿ. ನೋಡಿ ಸರಿಮಾಡಬೇಕು, ತಡಮಾಡಕೂಡದು. ಹೋದೆ. ಸಣ್ಣ ಕೆಲಸ, ಒಂದು ತಂತಿ ಬಿಟ್ಟಿತ್ತು. ಆ ಅವಸರ ಏನೆಂದು ಹತ್ತು ನಿಮಿಷದಲ್ಲಿ ತಿಳಿಯಿತು. ಸಾಹೇಬರು ಸೊಂಟಕ್ಕೆ ಲುಂಗಿ ಸುತ್ತಿಕೊಂಡು ಗಡಗಿ ಧಾರಾವಾಹಿ ನೋಡಲು ಕುಳಿತರು! ಹಳ್ಳಿಯವರು ಕೃಷಿ ಕಾರ್ಯಕ್ರಮವನ್ನೇ ಮೆಚ್ಚಬೇಕೆಂಬ ಮಹಾನುಭಾವರು. ನನಗೂ ಕುರ್ಚಿ ತೋರಿಸಿದರು. ಆ ಧಾರಾವಾಹಿಯನ್ನು ನಾನು ಬಾಯಿ ಮುಚ್ಚಿಕೊಂಡು ನೋಡಿದ್ದು ಅವತ್ತೇ ಮೊದಲು.

ಬಣ್ಣದ ಟಿ.ವಿ., ನೆರಳಿಲ್ಲದ ಚಿತ್ರ. ಕಪ್ತಾನನ ಅಂಗಿ ಕಪ್ಪಲ್ಲ, ಮಣ್ಣಿನ ಬಣ್ಣದ್ದು. ಆ ಕಂತಿನಲ್ಲಿ ಅವನ ಮೇಲೆ ವಿಚಾರಣೆ ನಡೆಯುತ್ತಿತ್ತು, ಹಾಗಾಗಿ ಬಾಗಿಲು ಹಾಕಿದ ದೃಶ್ಯವನ್ನು ಮತ್ತೆ ತೋರಿಸಿದರು. ಚಕ್ರ ತಿರುಗಿಸುತ್ತ ಅವನು ಅಳುತ್ತಿದ್ದ. ಕೆಳಗೆ ಸಿಕ್ಕಿಕೊಂಡವರಲ್ಲಿ ಅವನ ಸ್ವಂತ ತಮ್ಮನಿದ್ದ. ಚಕ್ರ ತಿರುಗಿಸಲು ಕಾವಲಿನವನಿಗೆ ಹೇಳಬಹುದಿತ್ತು, ಹೇಳಲಿಲ್ಲ. ಬಾಗಿಲು ಹಾಕಿದ ಮೇಲೆ ದಾಖಲೆ ಬರೆಯುವವನ ಕಡೆ ತಿರುಗಿ ಅವನು ಅಂದದ್ದು ಇಷ್ಟು. ಬಾಗಿಲು ಹಾಕಿದ್ದು ನಾನು ಎಂದು ಬರೆ, ಬೇರೆ ಯಾರ ಹೆಸರೂ ಬೇಡ. ನಾನು ಜನರಿಗೆ ಹೇಳಿದ್ದು, ಸತ್ತರೆ ನನಗೇನು ಎಂದು.

ಸಾಹೇಬರು ಚಹಾ ಕೊಟ್ಟರು, ಕುಡಿದೆನೋ ಇಲ್ಲವೋ ನೆನಪಿಲ್ಲ. ನಾಚಿಕೆಯಾಗಿತ್ತು. ಅವತ್ತೇ ಗಂಗಾವತಿ ಬಸ್ಸು ಹಿಡಿದು ಸಂಜೆ ಹೊತ್ತಿಗೆ ಯಮನಪ್ಪನ ಕ್ವಾರ್ಟರ್ಸಿಗೆ ಹೋದೆ. ಅವನು ಗೇಟಿನ ಚಕ್ರಕ್ಕೆ ಗ್ರೀಸು ಹಚ್ಚುತ್ತಿದ್ದ. ನಾನು ಕಂಡದ್ದನ್ನೆಲ್ಲ ಹೇಳಿದೆ, ತಪ್ಪಾಯಿತು ಎಂದೆ. ಅವನು ಕೈ ಒರೆಸಿಕೊಂಡ.

"ಅವ್ರು ನಗೂದು ನನಗ ರೂಢಿ ಐತ್ರಿ," ಎಂದ. "ನೀವೂ ನಕ್ಕ್ರಿ ಮಾಸ್ತರ. ನೀವೂ ನನ್ನಂಗ ಹುಕುಂ ಹೊರೂ, ಗೇಟ್ ಕಾಯೂ ಜಾತಿಯವ್ರ ಅಂತ ತಿಳ್ಕೊಂಡಿದ್ದೆ."

ಪಾಳಿ ಯಾವಾಗ ಎಂದು ಕೇಳಿದೆ. ನಾಳೆಯದಲ್ಲ, ಮುಂದಿನ ವಾರದ ಸೋಮವಾರ ಮುಂಜಾನೆ ಎಂದ. ಪೊಲೀಸರಿಗೆ ಹೇಳಿಕೊಂಡಿದ್ದೀಯಾ ಎಂದೆ. ಅವರು ಬಂದು ಎರಡು ದಿನ ಇದ್ದು ಹೋಗುತ್ತಾರೆ, ತಾನು ಇಲ್ಲೇ ಇರಬೇಕಲ್ಲ ಎಂದ. ಭಾನುವಾರ ಶಾಲೆಗೆ ಬಾ ಎಂದು ಕೈಮುಗಿದು ಕೇಳಿದೆ. ಬರುತ್ತೇನೆ ಎನ್ನಲಿಲ್ಲ.

ಆ ಭಾನುವಾರ ನಾನು ಪೆಟ್ಟಿಗೆಯ ಬೀಗ ತೆಗೆಯುವ ಮೊದಲೇ ಅಂಗಳ ತುಂಬಿತ್ತು. ಯಮನಪ್ಪ ಒಳಗೆ ಬರದೆ ಕಾಂಪೌಂಡಿನ ಗೋಡೆಯ ಆಚೆ ನಿಂತಿದ್ದ, ತಲೆಯಷ್ಟೇ ಕಾಣುತ್ತಿತ್ತು. ಪೆಟ್ಟಿಗೆ ಹಚ್ಚದೆಯೇ ಮಾತು ಶುರುಮಾಡಿದೆ. ಬಾಗಿಲು ಹಾಕಿದ ದಿನ ಕಪ್ತಾನ ಏನು ಹೇಳಿದನೆಂದು ನಾನು ಕೇಳಿಸಿಕೊಂಡೇ ಇರಲಿಲ್ಲ, ನಾನೇ ಹುಟ್ಟಿಸಿ ಹೇಳಿದೆ, ಅವನು ಹೇಳಿದ್ದು ಹೀಗೆ ಎಂದು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಯಮನಪ್ಪನನ್ನು ಅವನಿಗೆ ಹೋಲಿಸಿ ನಕ್ಕದ್ದು ನನ್ನ ತಪ್ಪು ಎಂದೂ ಹೇಳಿದೆ.

ವಿರುಪಾಕ್ಷಿ ಎದ್ದುನಿಂತ. "ಹಂಗಾರ ಇಷ್ಟ ದಿನ ನೀವು ಹೇಳಿದ್ದು ಸುಳ್ಳೇನ್ರಿ?"

ಕಪ್ತಾನನ ಬಗ್ಗೆ ಹೇಳಿದ್ದರಲ್ಲಿ ಅರ್ಧಕ್ಕೂ ಹೆಚ್ಚು ಸುಳ್ಳು ಎಂದೆ. ಗುಜುಗುಜು ಶುರುವಾಯಿತು. ಯಾರೋ ಬೈದರು. ಅದಕ್ಕೆ ತಯಾರಾಗಿಯೇ ಬಂದಿದ್ದೆ. ಆದರೆ ಮುಂದಿನ ಸಾಲಿನಿಂದ ದ್ಯಾಮವ್ವ ಎತ್ತಿದ ಮಾತಿಗೆ ತಯಾರಾಗಿರಲಿಲ್ಲ.

"ಅಲ್ಲೋ ತಮ್ಮಾ, ನಮಗೇನ ಕಣ್ಣಿಲ್ಲನು? ಆತ ಚಕ್ರಾ ತಿರುವುವಾಗ ಅಳಾಕತ್ತಿದ್ದು ನಮಗ ಅವತ್ತ ಕಂಡಿತ್ತು. ನೀ ಬೈಯಾಕತ್ತಿದ್ದಿ. ಬೈಯೂದು ಕೇಳಾಕ ಹಿತ ಆತು, ಸುಮ್ಕ ಕುಂತ್ವಿ." ಆಮೇಲೆ ಗೋಡೆಯ ಕಡೆ ತಿರುಗದೆಯೇ, ದನಿ ಇಳಿಸಿ ಅಂದಳು. "ಯಮನಪ್ಪ ಪಾಲಿಗೆ ಹಾಕ್ಕೊಂಡ ಎರಡು ಎಕರೆ ಗದ್ದಿನೂ ನಮ್ಮ ಗೇಟಿನ ಕೆಳಗನ ಐತಿ. ನಮ್ಮ ಭತ್ತ ಒಣಗಿದ್ರ ಅವಂದೂ ಒಣಗತೈತಿ. ಅದೂ ನಮಗ ಕಂಡೈತಿ."

ಆ ಎರಡು ಎಕರೆಯ ವಿಷಯ ನನಗೆ ಗೊತ್ತಿರಲಿಲ್ಲ, ಅವನು ಹೇಳಿರಲಿಲ್ಲ. ವಿರುಪಾಕ್ಷಿಗೆ ಗೊತ್ತಿತ್ತೆಂದು ಅವನು ಕುಳಿತುಕೊಂಡ ರೀತಿಯಲ್ಲೇ ತಿಳಿಯಿತು. ನಾನು ಪೆಟ್ಟಿಗೆ ಹಚ್ಚಿದೆ. ಅವತ್ತು ಅರ್ಥ ಹೇಳಲಿಲ್ಲ. ಕಂತು ಮುಗಿದಾಗ ಗೋಡೆಯ ಆಚೆ ಯಮನಪ್ಪ ಇರಲಿಲ್ಲ.

ನಾನು ಕೊಪ್ಪಳಕ್ಕೆ ಹೋಗದೆ ಶಾಲೆಯಲ್ಲೇ ಉಳಿದೆ. ಸೋಮವಾರ ಬೆಳಕು ಹರಿದ ಮೇಲೆ ಗೇಟಿನ ಹತ್ತಿರ ಹೋದರೆ ಹದಿನೈದಿಪ್ಪತ್ತು ಜನ ದಂಡೆಯ ಮೇಲೆ ನಿಂತಿದ್ದರು. ವಿರುಪಾಕ್ಷಿಯ ಕೈಯಲ್ಲಿ ಕಬ್ಬಿಣದ ಹಾರೆ. ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು, ಆಚೆ ಭತ್ತ ಹಸಿರಾಗಿ ನಿಂತಿತ್ತು. ಆ ಹಸಿರು ನೋಡಿದರೆ ಗೇಟು ಹಾಕಬೇಡಪ್ಪ ಎಂದು ಯಾರಿಗಾದರೂ ಅನಿಸಬೇಕು, ನನಗೂ ಅನಿಸಿತು. ಯಮನಪ್ಪ ಕ್ವಾರ್ಟರ್ಸಿನಿಂದ ಬಂದ, ಕಂಕುಳಲ್ಲಿ ಗೇಟಿನ ಪುಸ್ತಕ. ಜನ ದಾರಿ ಬಿಡಲಿಲ್ಲ, ತಡೆಯಲೂ ಇಲ್ಲ. ಅವನು ಸಂದಿಯಲ್ಲಿ ನುಸುಳಿಕೊಂಡು ಹೋಗಿ ಚಕ್ರಕ್ಕೆ ಕೈಹಚ್ಚಿದ.

ಅಷ್ಟು ಹೊತ್ತಿಗೆ ದ್ಯಾಮವ್ವ ಬಂದು ಗೇಟಿನ ಕಟ್ಟೆಯ ಮೇಲೆ ಕುಳಿತಳು. ವಿರುಪಾಕ್ಷಿಯನ್ನೂ ಹಾರೆಯನ್ನೂ ಒಂದು ಸಲ ನೋಡಿದಳು. ಯಮನಪ್ಪ ತಿರುಗಿಸತೊಡಗಿದ. ಒಂದೊಂದು ಸುತ್ತಿಗೂ ನೀರಿನ ಸದ್ದು ಕಡಿಮೆಯಾಗುತ್ತ ಬಂದು, ಕೊನೆಗೆ ಒಳಗಾಲುವೆಯಲ್ಲಿ ಕೆಸರು ಕಂಡಿತು. ಅವನು ಬೆವರು ಒರೆಸಿಕೊಂಡು, ಪುಸ್ತಕ ಬಿಚ್ಚಿ ಹೊತ್ತು ಬರೆದು ಸಹಿ ಮಾಡಿದ.

"ನನ್ನ ಹೆಬ್ಬಟ್ಟೂ ಒತ್ತಿಸ್ಕೊ," ಎಂದಳು ದ್ಯಾಮವ್ವ.

ಇದು ಸರ್ಕಾರಿ ಪುಸ್ತಕ, ಇದರಲ್ಲಿ ಲಸ್ಕರನ ಹೆಸರಷ್ಟೇ ಇರಬೇಕು ಎಂದು ಯಮನಪ್ಪ ತಿಳಿಸಿ ಹೇಳಿದ. ಅವಳು ಕೇಳಲಿಲ್ಲ.

"ಬಾಗಲಾ ಹಾಕಿದ್ದು ನಾವೂ ಅಂತ ಬರಿ. ನಾಳಿಗೆ ಯಾರರ ಕೇಳಿದ್ರ ನೀ ಒಬ್ಬನ ಹಾಕಿಲ್ಲ." ಆಮೇಲೆ ನನ್ನ ಕಡೆ ಕೈ ಚಾಚಿದಳು. "ತಾ ನಿನ್ನ ಮಸಿ. ನಿನ್ನ ಖಾಲಿ ಕಾಗದಕ್ಕ ಎಷ್ಟ ಸಲ ಒತ್ತೀನಿ, ಏನ್ ಬರಕೊಂಡ್ಯೋ ಒಂದಿನಾನೂ ಕೇಳಿಲ್ಲ. ಇವತ್ತ ಏನಕ್ಕ ಒತ್ತಾಕತ್ತೀನಿ ಅಂತ ನನಗ ಗೊತ್ತೈತಿ."

ಚೀಲದಿಂದ ಪ್ಯಾಡು ತೆಗೆದುಕೊಟ್ಟೆ. ಯಮನಪ್ಪನ ಸಹಿಯ ಕೆಳಗೆ ಅವಳ ಹೆಬ್ಬೆಟ್ಟು ಬಿತ್ತು. ಯಮನಪ್ಪ ಪುಸ್ತಕ ಹಿಡಿದುಕೊಂಡು ಹಾಗೇ ನಿಂತ, ಕಣ್ಣಲ್ಲಿ ನೀರು ತುಂಬಿತ್ತು. ಆಮೇಲೆ ಇನ್ನಿಬ್ಬರು ಮುಂದೆ ಬಂದರು. ಸ್ವಲ್ಪ ಹೊತ್ತಾದ ಮೇಲೆ ವಿರುಪಾಕ್ಷಿ ಹಾರೆಯನ್ನು ನೆಲಕ್ಕೆ ಒರಗಿಸಿ, ಪೆನ್ನು ಕೊಡು ಎಂದು ನನ್ನನ್ನು ಕೇಳಿ, ಯಮನಪ್ಪನ ಮುಖ ನೋಡದೆ ಸೊಟ್ಟ ಅಕ್ಷರದಲ್ಲಿ ತನ್ನ ಹೆಸರು ಬರೆದ. ಉಳಿದವರು ಬರಲಿಲ್ಲ, ಗೊಣಗುತ್ತ ಹೋದರು. ಆ ವರ್ಷ ಊರಿನ ಭತ್ತದ ಒಂದು ಪಾಲು ಜೊಳ್ಳಾಯಿತು, ಯಮನಪ್ಪನ ಎರಡು ಎಕರೆಯದೂ ಆಯಿತು. ಬೈಗುಳ ಪೂರ್ತಿ ನಿಲ್ಲಲಿಲ್ಲ. ಹಾಲು ಮಾತ್ರ ಮರುದಿನದಿಂದ ಬಂತು. ಸರ್ಕಾರಿ ಪುಸ್ತಕದಲ್ಲಿ ಇದೇನು ಹೆಬ್ಬೆಟ್ಟುಗಳೆಂದು ಅವನ ಎಂಜಿನಿಯರರು ಕೇಳಿದರಂತೆ. ಊರಿನವರು ಬಾಗಿಲು ಹಾಕಿದ್ದಕ್ಕೆ ಗುರುತು ಎಂದನಂತೆ.

ಅವತ್ತು ದ್ಯಾಮವ್ವ ಬೆರಳಿನ ಮಸಿಯನ್ನು ಹುಲ್ಲಿಗೆ ಒರೆಸುತ್ತ ನನಗೂ ಒಂದು ಮಾತು ಹೇಳಿ ಎದ್ದಿದ್ದಳು. "ಮುಂದಿನ ಐತವಾರ ಬಾರಪ್ಪ. ಪೆಟಗಿ ಹಚ್ಚಿಕೊಡು. ನೀ ಮಾತ್ರ ಮಾತಾಡಬ್ಯಾಡ."

ಹಾಗೆಯೇ ಮಾಡಿದೆ. ಭಾನುವಾರ ಪೆಟ್ಟಿಗೆ ಹಚ್ಚಿ, ಹಿಂದೆ ಹೋಗಿ ಬೇವಿನ ಮರದ ಕೆಳಗೆ ಕುಳಿತೆ. ಸ್ವಲ್ಪ ಹೊತ್ತಿಗೆ ಯಮನಪ್ಪ ಬಂದು ಪಕ್ಕದಲ್ಲಿ ಕುಳಿತ. ನಡುವೆ ಒಂದು ಸಲ ಕಪ್ತಾನ ಏನೋ ಅಂದಾಗ, ಅವನು ನನ್ನ ಕಡೆ ಬಾಗಿ ಅದೇನೆಂದು ಮೆಲ್ಲಗೆ ಕೇಳಿದ. ಕಪ್ತಾನ ಅಂದಷ್ಟನ್ನೇ ಹೇಳಿದೆ.